ಪೆಟ್ರೋಲ್ ತಪ್ಪಿತು, ಕರೆಂಟ್ ಬಿಲ್ ಏರಿತು: ಗಡಿಯಲ್ಲಿ ಬ್ಯಾಟರಿ ಕಾರಿನ ಲೆಕ್ಕ

ಸೊಲ್ಲಾಪುರ: ಪೆಟ್ರೋಲ್ ಪಂಪ್‌ಗೆ ರಾಮ್ ರಾಮ್ ಹೇಳಿ ಬ್ಯಾಟರಿ ಕಾರು ತಂದವರು ಈಗ ಮಹಾವಿತರಣ ಕಂಪನಿಯ ಬಿಲ್ ಹಿಡಿದು ಕಟ್ಟೆ ಮೇಲೆ ಕುಂತು ಲೆಕ್ಕ ಹಾಕುವಂತಾಗಿದೆ. ಕಾರು ಚಲೋ ಅದ, ಸಪ್ಪಳ ಇಲ್ಲ, ಹೊಗೆ ಇಲ್ಲ, ಎತ್ತಿಕೊಂಡು ಓಡ್ತದ ಎಂಬ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಅಂಗಡಿಯಲ್ಲಿ ಹೇಳಿದ ಒಂದು ಮಾತಿನ ಬಗ್ಗೆ: ‘ಕಿಲೋಮೀಟರಿಗೆ ಬರೀ ಒಂದು ರೂಪಾಯಿ’.

ಈ ಒಂದು ರೂಪಾಯಿ ಎಲ್ಲಿಂದ ಬಂತು, ಅದು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಮನೆಗಳಲ್ಲಿ ನಿಜವಾಗ್ತದೋ ಇಲ್ಲೋ ಎಂದು ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ. ಖರ್ಚು ಕಾರಿನ ಮೇಲೆ ನಿಂತಿಲ್ಲ. ಪ್ಲಗ್ ಯಾವ ಮೀಟರಿಗೆ ಸಿಕ್ಕಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಭೀಮಾ ನದಿಯ ಈ ಕಡೆ ಒಂದು ಲೆಕ್ಕ, ಆ ಕಡೆ ಇನ್ನೊಂದು ಲೆಕ್ಕ.

ಒಂದು ರೂಪಾಯಿ ಯಾರದ್ದು?

2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ನೆಕ್ಸಾನ್ ಇವಿ ಕಾರಿನ ಬ್ಯಾಟರಿ 30.2 ಯುನಿಟ್ ಹಿಡಿಯುವಂಥದ್ದು. ಪರೀಕ್ಷಾ ಕೇಂದ್ರದ ಪ್ರಮಾಣಪತ್ರದ ಪ್ರಕಾರ ಒಮ್ಮೆ ತುಂಬಿದರೆ 312 ಕಿ.ಮೀ. ಆದರೆ ರಸ್ತೆ ಮೇಲೆ ಎ.ಸಿ. ಹಾಕಿ, ನಾಲ್ಕು ಮಂದಿ ಕುಂತು ಹೋದರೆ 200ರ ಆಚೀಚೆ ಎಂದು ಹಿಡಿಯುವುದೇ ಕ್ಷೇಮ. ಚಾರ್ಜ್ ಮಾಡುವಾಗ ಒಂದಿಷ್ಟು ಕರೆಂಟ್ ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಮನೆಯ ಮೀಟರ್ ತೋರಿಸುವ ಒಂದು ಯುನಿಟ್‌ಗೆ ಸುಮಾರು 6 ಕಿ.ಮೀ. ಎಂದು ಲೆಕ್ಕ ಹಿಡಿಯಬಹುದು. ಅಂದರೆ ಯುನಿಟ್ ದರ 6 ರೂ. ಇದ್ದರೆ ಮಾತ್ರ ಕಿಲೋಮೀಟರಿಗೆ ಒಂದು ರೂಪಾಯಿ ಬೀಳುತ್ತದೆ.

ಮಹಾರಾಷ್ಟ್ರದಲ್ಲಿ ಮನೆ ಬಳಕೆಯ ಕರೆಂಟ್‌ಗೆ ಒಂದೇ ದರವಿಲ್ಲ. ಬಳಕೆ ಹೆಚ್ಚಿದಂತೆ ದರವೂ ಮೆಟ್ಟಿಲು ಹತ್ತುತ್ತದೆ. ದರಗಳು ವರ್ಷ ವರ್ಷ ಬದಲಾಗುತ್ತವೆ, ಲೆಕ್ಕದ ರೀತಿ ತಿಳಿಯಲು 2024-25ರ ದರಪಟ್ಟಿಯನ್ನೇ ಹಿಡಿಯೋಣ. ಮೊದಲ 100 ಯುನಿಟ್‌ಗೆ 4.71 ರೂ., 101ರಿಂದ 300ರವರೆಗೆ 10.29 ರೂ., 301ರಿಂದ 500ರವರೆಗೆ 14.55 ರೂ. ಇದರ ಮೇಲೆ ಯುನಿಟ್‌ಗೆ 1.17 ರೂ. ವಹನ ಆಕಾರ, ಅದರ ಮೇಲೆ ಶೇ 16 ವಿದ್ಯುತ್ ಶುಲ್ಕ.

ಈಗ ತಿಂಗಳಿಗೆ 150 ಯುನಿಟ್ ಸುಡುವ ಒಂದು ಸಾಧಾರಣ ಮನೆ ತೆಗೆದುಕೊಳ್ಳಿ. ಅಗ್ಗದ ಮೊದಲ 100 ಯುನಿಟ್ ಫ್ಯಾನು, ಫ್ರಿಜ್ಜು, ಟಿ.ವಿ.ಗೆ ಆಗಲೇ ತೀರಿ ಹೋಗಿರುತ್ತವೆ. ಕಾರು ಬಂದ ಮೇಲೆ ತಿಂಗಳಿಗೆ 1,000 ಕಿ.ಮೀ. ಓಡಿದರೆ 167 ಯುನಿಟ್ ಹೆಚ್ಚುವರಿ ಬೇಕು. ಅದರಲ್ಲಿ 150 ಯುನಿಟ್ ಎರಡನೇ ಮೆಟ್ಟಿಲಿಗೆ, ಉಳಿದ 17 ಯುನಿಟ್ ಮೂರನೇ ಮೆಟ್ಟಿಲಿಗೆ ಬೀಳುತ್ತವೆ. ಶುಲ್ಕ ಸೇರಿ ಕಾರಿನ ಪಾಲು ಸುಮಾರು 2,300 ರೂ. ಅಂದರೆ ಕಿಲೋಮೀಟರಿಗೆ 2 ರೂ. 30 ಪೈಸೆ. ಅಂಗಡಿಯವರು ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಹಾಗಂತ ನಷ್ಟವೇನೂ ಅಲ್ಲ. ಲೀಟರಿಗೆ 104 ರೂ., 16 ಕಿ.ಮೀ. ಮೈಲೇಜ್ ಎಂದು ಹಿಡಿದರೆ ಅದೇ 1,000 ಕಿ.ಮೀ.ಗೆ ಪೆಟ್ರೋಲ್ ಕಾರಿಗೆ 6,500 ರೂ. ಬೇಕು. ತಿಂಗಳಿಗೆ 4,200 ರೂ. ಉಳಿತಾಯ ಇದ್ದೇ ಇದೆ. ಆದರೆ ಒಂದು ರೂಪಾಯಿ ಲೆಕ್ಕದಲ್ಲಿ 5,500 ಉಳಿಯುತ್ತದೆ ಎಂದು ಕಂತು ಕಟ್ಟಲು ಹೊರಟವರಿಗೆ ಪ್ರತಿ ತಿಂಗಳು 1,300 ರೂ. ಕಡಿಮೆ ಬೀಳುತ್ತದೆ. ಬ್ಯಾಂಕಿನವರು ಅದನ್ನು ಬಿಡುವುದಿಲ್ಲ.

ಭೀಮಾ ದಾಟಿದರೆ ಬೇರೆ ಬಿಲ್ಲು

ಗಡಿಯಾಚೆಯ ಪಂಪಿಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವುದು ಈ ಭಾಗದವರಿಗೆ ಹೊಸದಲ್ಲ. 2021ರ ನವೆಂಬರಿನಲ್ಲಿ ಕರ್ನಾಟಕ ಸರಕಾರ ಪೆಟ್ರೋಲ್, ಡೀಸೆಲ್ ತೆರಿಗೆ ಇಳಿಸಿತು. ಮಹಾರಾಷ್ಟ್ರ ಇಳಿಸಿದ್ದು 2022ರ ಜುಲೈನಲ್ಲಿ. ನಡುವಿನ ತಿಂಗಳುಗಳಲ್ಲಿ ಎರಡೂ ಕಡೆಯ ದರದ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ಪೆಟ್ರೋಲ್ ಟ್ಯಾಂಕಿನಲ್ಲಿ ಬರುತ್ತದೆ. ಆದರೆ ಕರೆಂಟ್ ಹಾಗೆ ತರಲು ಬರೋದಿಲ್ಲ. ಕಾರು ಎಲ್ಲಿ ರಾತ್ರಿ ನಿಲ್ಲುತ್ತದೋ ಅಲ್ಲಿಯ ದರವೇ ಗತಿ.

ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಮೆಟ್ಟಿಲು ಪದ್ಧತಿ ತೆಗೆದು ಯುನಿಟ್‌ಗೆ 5.90 ರೂ. ಏಕದರ ಮಾಡಲಾಯಿತು. ಶೇ 9 ತೆರಿಗೆ ಸೇರಿಸಿದರೂ 6.43 ರೂ. ಆಗುತ್ತದೆ. ಆ ದರದಲ್ಲಿ 167 ಯುನಿಟ್‌ಗೆ ಸುಮಾರು 1,075 ರೂ. ‘ಕಿಲೋಮೀಟರಿಗೆ ಒಂದು ರೂಪಾಯಿ’ ಎಂಬ ಮಾತು ವಿಜಯಪುರದಲ್ಲಿ ಹೆಚ್ಚೂಕಡಿಮೆ ಖರೆ, ಸೊಲ್ಲಾಪುರದಲ್ಲಿ ಅಲ್ಲ. ನಡುವೆ ಇರುವುದು ನೂರು ಕಿಲೋಮೀಟರ್ ರಸ್ತೆ ಮಾತ್ರ.

ಆದರೆ ವಿಜಯಪುರದ ಲೆಕ್ಕದಲ್ಲೂ ಒಂದು ಗಂಟು ಇದೆ. ಅದು ಗೃಹಜ್ಯೋತಿ. 2023ರಲ್ಲಿ ಜಾರಿಯಾದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯುನಿಟ್ ಮೀರಿದರೆ ಹೆಚ್ಚಿನದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 130 ಯುನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿದ್ದ ಮನೆಗೆ ಕಾರು ಬಂದರೆ ಒಟ್ಟು 297 ಯುನಿಟ್ ಆಗುತ್ತದೆ. ಆಗ ತೆರಿಗೆ ಸೇರಿ 1,900 ರೂ. ಮೇಲೆ, ಜತೆಗೆ ನಿಗದಿತ ಶುಲ್ಕ. ಕಾರಿನ ನಿಜವಾದ ಖರ್ಚು 1,075 ಅಲ್ಲ, ಅದರ ಹತ್ತಿರ ಹತ್ತಿರ ದುಪ್ಪಟ್ಟು. ಹೋಗಿದ್ದು ಶೂನ್ಯ ಬಿಲ್ಲು, ಬಂದದ್ದು ಕಾರಿನ ಬಿಲ್ಲು.

ಗಡಿ ಕುಟುಂಬಗಳಿಗೆ ಇದರ ಬಿಸಿ ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ. ಸೊಲ್ಲಾಪುರದ ಅಳಿಯ ಬ್ಯಾಟರಿ ಕಾರು ತಗೊಂಡು ಇಂಡಿ ಇಲ್ಲವೇ ಚಡಚಣ ಕಡೆಯ ಮಾವನ ಮನೆಗೆ ಹೋದ ಎಂದಿಟ್ಟುಕೊಳ್ಳಿ. ಆ ಮನೆಯ ಬಳಕೆ ತಿಂಗಳಿಗೆ 180 ಯುನಿಟ್, ಬಿಲ್ಲು ಶೂನ್ಯ. ರಾತ್ರಿ 10ಕ್ಕೆ ಪ್ಲಗ್ ಸಿಕ್ಕಿಸಿ ಬೆಳಿಗ್ಗೆ 6ಕ್ಕೆ ತೆಗೆದರೆ ಎಂಟು ತಾಸಿಗೆ 24 ಯುನಿಟ್. ಒಟ್ಟು 204. ತಿಂಗಳ ಕೊನೆಗೆ ಮಾವನ ಕೈಗೆ 1,300 ರೂ. ಮೇಲಿನ ಬಿಲ್ಲು ಬರುತ್ತದೆ. 24 ಯುನಿಟ್‌ನ ಬೆಲೆ ನೂರಾ ಐವತ್ತೈದು ರೂಪಾಯಿ ಮಾತ್ರ, ಆದರೆ ಬಿದ್ದ ಹೊರೆ ಅದರ ಎಂಟು ಪಟ್ಟು. ಮಾವ ಬಾಯಿಬಿಟ್ಟು ಹೇಳುವುದಿಲ್ಲ, ಅಳಿಯನಿಗೆ ಗೊತ್ತಾಗುವುದಿಲ್ಲ. ಬೀಗರ ಮನೆಗೆ ಹೋದಾಗ ಪ್ಲಗ್ ಹಾಕುವ ಮೊದಲು ಮೀಟರ್ ಎಷ್ಟಾಗಿದೆ ಎಂದು ಕೇಳುವುದು ಇನ್ನು ಮುಂದೆ ಮರ್ಯಾದೆಯ ಭಾಗವಾಗಬೇಕಾದೀತು.

ಎರಡು ನೂರು ಕಿಲೋಮೀಟರಿನ ಪರೀಕ್ಷೆ

ಸೊಲ್ಲಾಪುರದಿಂದ ಟಾಕಳಿ ಬಳಿ ಭೀಮಾ ಸೇತುವೆ ದಾಟಿ, ಧೂಳಖೇಡ, ಝಳಕಿ ಮೇಲೆ ಹಾದು ವಿಜಯಪುರಕ್ಕೆ ಸುಮಾರು 100 ಕಿ.ಮೀ. ದವಾಖಾನೆ, ಲಗ್ನ, ಕೋರ್ಟು, ಕಾಲೇಜು ಎಂದು ಈ ರಸ್ತೆಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವವರು ಬಹಳ. ಹೋಗಿ ಬರಲು 200 ಕಿ.ಮೀ. ಸಣ್ಣ ಬ್ಯಾಟರಿಯ ಕಾರಿನ ನಿಜವಾದ ಓಟವೂ ಅಷ್ಟೇ. ಕಾಗದದ ಮೇಲೆ ಸರಿಹೊಂದುವ ಲೆಕ್ಕ ಇದು, ಆದರೆ ರಸ್ತೆ ಮೇಲೆ ಎದೆ ಢವಢವ ಮಾಡಿಸುವ ಲೆಕ್ಕ.

ಏಪ್ರಿಲ್, ಮೇನಲ್ಲಿ ಈ ಭಾಗದ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲು. ಎ.ಸಿ. ಬಂದ್ ಮಾಡಲು ಬರೋದಿಲ್ಲ. ಬ್ಯಾಟರಿಯನ್ನು ತಂಪು ಮಾಡಲಿಕ್ಕೂ ಅದೇ ಬ್ಯಾಟರಿಯ ಕರೆಂಟ್ ಬೇಕು. ನಾಲ್ಕು ಪಥದ ರಸ್ತೆ ಎಂದು ನೂರರ ವೇಗದಲ್ಲಿ ಹೊಡೆದರೆ ಗಾಳಿಯ ತಡೆ ಹೆಚ್ಚಿ ಓಟ ಇನ್ನೂ ಇಳಿಯುತ್ತದೆ. ಬ್ಯಾಟರಿ ಬಿಸಿಯಾಗಿದ್ದರೆ ಫಾಸ್ಟ್ ಚಾರ್ಜರ್ ಹಚ್ಚಿದರೂ ಕಾರು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಶೇ 80ರವರೆಗೆ ಒಂದು ತಾಸಿನ ಒಳಗೆ ತುಂಬುವುದು, ಉಳಿದ ಶೇ 20ಕ್ಕೆ ಜೀವ ತಿನ್ನುತ್ತದೆ. ‘ಕಾರಿನಾಗ ಕುಂತ್ರ ಕಣ್ಣು ರಸ್ತೆ ಮ್ಯಾಲ ಇರಂಗಿಲ್ಲ, ಪರ್ಸೆಂಟೇಜ್ ಮ್ಯಾಲ ಇರ್ತದ’ ಎಂಬುದು ಸಣ್ಣ ಬ್ಯಾಟರಿಯ ಮಾಲೀಕರಿಂದ ಕೇಳಿಬರುವ ಸಾಮಾನ್ಯ ಮಾತು.

ಪುಣೆ ಕಡೆಯ ಮಾತು ಬೇರೆ. 250 ಕಿ.ಮೀ. ದಾರಿಯಲ್ಲಿ ಟೆಂಭುರ್ಣಿ, ಇಂದಾಪುರ, ಭಿಗವಣ ಹೀಗೆ ಎಲ್ಲಾದರೂ ಒಮ್ಮೆ ನಿಲ್ಲಲೇಬೇಕು. ಅಲ್ಲಿ ಸಮಸ್ಯೆ ದರದ್ದು. ಸಾರ್ವಜನಿಕ ಚಾರ್ಜಿಂಗ್‌ಗೆ ಶೇ 18 ಜಿಎಸ್‌ಟಿ ಇದೆ. ಕಾರು ಕೊಳ್ಳುವಾಗ ಶೇ 5, ಅದಕ್ಕೆ ಕರೆಂಟ್ ತುಂಬುವಾಗ ಶೇ 18! ಯುನಿಟ್‌ಗೆ 20 ರೂ. ದರ ಎಂದು ಹಿಡಿದರೆ ತೆರಿಗೆ ಸೇರಿ 23.60 ಆಗಿ, ಕಿಲೋಮೀಟರಿಗೆ 3.93 ರೂ. ಬೀಳುತ್ತದೆ. ಲೀಟರಿಗೆ 91 ರೂ.ನಂತೆ 20 ಕಿ.ಮೀ. ಕೊಡುವ ಡೀಸೆಲ್ ಕಾರಿಗೆ 4.55 ರೂ. ಅಂತರ ಬರೀ 62 ಪೈಸೆ. ಪುಣೆಗೆ ಹೋಗಿ ಬರುವ 500 ಕಿ.ಮೀ.ಯಲ್ಲಿ 300 ಕಿ.ಮೀ. ಹೈವೇ ಚಾರ್ಜರ್ ಮೇಲೆ ಓಡಿದರೆ ಆ ಪಾಲಿನಲ್ಲಿ ಉಳಿಯುವುದು 190 ರೂ. ಸಹ ಇಲ್ಲ. ಢಾಬಾದಲ್ಲಿ ತಾಸುಗಟ್ಟಲೆ ಕಾಯುವಾಗ ಮನೆ ಮಂದಿಯ ಚಹಾ, ಭಜಿಗೇ ಅಷ್ಟು ಹೋಗುತ್ತದೆ.

ಅದರ ಜತೆ ಆ್ಯಪ್‌ಗಳ ಕಿರಿಕಿರಿ. ಒಂದೊಂದು ಕಂಪನಿಯ ಚಾರ್ಜರಿಗೆ ಒಂದೊಂದು ಆ್ಯಪ್, ಒಂದೊಂದರಲ್ಲಿ ಮುಂಗಡ ಹಣ. ನಕಾಶೆಯಲ್ಲಿ ಹಸಿರು ತೋರಿಸಿದ ಚಾರ್ಜರ್ ಅಲ್ಲಿ ಹೋದಾಗ ಬಂದ್ ಇರಬಹುದು, ಇಲ್ಲವೇ ಮುಂದೆ ಎರಡು ಗಾಡಿ ನಿಂತಿರಬಹುದು. ಎಲ್ಲದಕ್ಕೂ ಸೇರಿ ಒಂದೇ ಆ್ಯಪ್ ಮಾಡುವ ಹೊಣೆಯನ್ನು ಬಿಎಚ್‌ಇಎಲ್‌ಗೆ ವಹಿಸುವುದಾಗಿ ಕೇಂದ್ರ ಭಾರಿ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ 2025ರ ಮೇನಲ್ಲಿ ಪ್ರಕಟಿಸಿದ್ದರು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂ. ಇಡಲಾಗಿದೆ. ಇದರಲ್ಲಿ ಎರಡು ರಾಜ್ಯಗಳ ನಡುವಿನ ಇಂಥ ರಸ್ತೆಗಳಿಗೆ ಎಷ್ಟು ಸಿಗುತ್ತದೆ ಎಂಬುದೇ ಇಲ್ಲಿಯವರ ಪ್ರಶ್ನೆ.

ಪ್ಲಗ್ ಇಲ್ಲದವರ ಪಾಡು

ಮೇಲಿನ ಲೆಕ್ಕವೆಲ್ಲ ಮನೆ ಮುಂದೆ ಸ್ವಂತ ಜಾಗ ಇದ್ದವರದ್ದು. ಸೊಲ್ಲಾಪುರದ ಹಳೆಯ ಪೇಟೆಗಳಲ್ಲಿ, ಅಕ್ಕಲಕೋಟದ ಸಂದಿಗಳಲ್ಲಿ ಕಾರು ನಿಲ್ಲುವುದು ಬೀದಿಯಲ್ಲಿ. ಎರಡನೇ ಮಹಡಿಯಿಂದ ವೈರ್ ಬಿಡಲು ಬರೋದಿಲ್ಲ, ಬಿಟ್ಟರೂ ಅಪಾಯ. ಅಪಾರ್ಟ್‌ಮೆಂಟ್‌ಗಳಲ್ಲಿ ಸೊಸೈಟಿ ಮಂದಿಯ ಒಪ್ಪಿಗೆ ಬೇಕು. ಇಂಥವರು ಪ್ರತಿ ಸಲ ಸಾರ್ವಜನಿಕ ಚಾರ್ಜರಿಗೇ ಹೋಗುವುದಾದರೆ ಬ್ಯಾಟರಿ ಕಾರಿನ ಉಳಿತಾಯದ ಮಾತನ್ನು ಮರೆಯುವುದೇ ವಾಸಿ.

ಹಳ್ಳಿ ಮತ್ತು ವಸ್ತಿ ಮನೆಗಳಲ್ಲಿ ಜಾಗಕ್ಕೆ ಬರವಿಲ್ಲ, ಕರೆಂಟ್‌ಗೆ ಬರ. ಜತ್ತ ತಾಲ್ಲೂಕಿನಂಥ ಕಡೆ ವೋಲ್ಟೇಜ್ ಇಳಿದರೆ ಚಾರ್ಜರ್ ನಿಂತು ಬಿಡುತ್ತದೆ. ಮನೆಯ ಇನ್ವರ್ಟರ್ ಕಾರಿಗೆ ಸಾಲುವುದಿಲ್ಲ. ರಾತ್ರಿ ಹಚ್ಚಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಶೇ 40ಕ್ಕೇ ನಿಂತಿರುತ್ತದೆ. ಇನ್ನೊಂದು ಕಾಣದ ತೊಂದರೆ ಅರ್ಥಿಂಗ್. ಹಳೆಯ ಮನೆಗಳಲ್ಲಿ ಸರಿಯಾದ ಅರ್ಥಿಂಗ್ ಇರುವುದೇ ಕಡಿಮೆ. ಫ್ರಿಜ್ಜು, ಮಿಕ್ಸರ್ ಸುಮ್ಮನೆ ನಡೆಯುತ್ತವೆ. ಆದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಕರೆಂಟೇ ತಗೊಳ್ಳುವುದಿಲ್ಲ. ಹೊಸ ಅರ್ಥಿಂಗ್ ಗುಂಡಿ, ದಪ್ಪ ವೈರ್, 15 ಆಂಪಿಯರ್ ಪ್ರತ್ಯೇಕ ಲೈನ್ ಇವುಗಳ ಖರ್ಚು ಕಾರಿನ ಬೆಲೆಪಟ್ಟಿಯಲ್ಲಿ ಬರುವುದಿಲ್ಲ, ಕೊಂಡ ಮೇಲೆ ಬರುತ್ತದೆ.

ನಿರ್ವಹಣೆ ಖರ್ಚು ಕಡಿಮೆ ಎಂಬುದು ನಿಜ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. 2022ರ ಜೂನ್‌ನ ಆದೇಶದಂತೆ ಮೂರನೇ ವ್ಯಕ್ತಿ ವಿಮೆಯಲ್ಲಿ ಬ್ಯಾಟರಿ ಕಾರುಗಳಿಗೆ ಶೇ 15 ರಿಯಾಯ್ತಿಯೂ ಸಿಕ್ಕಿತು. ಆದರೆ ಬ್ಯಾಟರಿಯಿಂದಾಗಿ ಕಾರಿನ ಬೆಲೆಯೇ ಹೆಚ್ಚಿರುವ ಕಾರಣ ಸ್ವಂತ ಹಾನಿಯ ವಿಮೆ ಕಂತು ಏರುತ್ತದೆ. ಗಾಡಿ ಭಾರ, ಎಳೆತ ಜೋರು, ಹೀಗಾಗಿ ಟೈರ್ ಬೇಗ ಸವೆಯುತ್ತವೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಮುಂದಿನ ಸಣ್ಣ 12 ವೋಲ್ಟ್ ಬ್ಯಾಟರಿ ಕೈಕೊಟ್ಟರೆ ಕಾರು ಅಲ್ಲಾಡುವುದಿಲ್ಲ. ಊರಿನ ಮೆಕ್ಯಾನಿಕ್ ಬಾನೆಟ್ ತೆಗೆದು ನೋಡಿ ಕೈ ಮುಗಿಯುತ್ತಾನೆ.

ಎಷ್ಟು ಓಡಿದರೆ ಲಾಭ?

ಎಲ್ಲ ತಿರುಗಿ ಬರುವುದು ಇಲ್ಲಿಗೇ. ಮಹಾರಾಷ್ಟ್ರದಲ್ಲಿ ಹೊಸ ಪೆಟ್ರೋಲ್ ಕಾರಿಗೆ ಬೆಲೆ ನೋಡಿ ಶೇ 11ರಿಂದ 13ರವರೆಗೆ ರಸ್ತೆ ತೆರಿಗೆ ಬೀಳುತ್ತದೆ. 2025ರ ಹೊಸ ನೀತಿಯಲ್ಲಿ ಬ್ಯಾಟರಿ ಕಾರಿಗೆ ವಾಹನ ತೆರಿಗೆ ಮಾಫಿ. ಆದರೆ ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಅವೂ ಅಗ್ಗವಾದವು. ಬ್ಯಾಟರಿ ಕಾರಿನದು ಶೇ 5ರಲ್ಲೇ ಉಳಿದ ಕಾರಣ ಎರಡರ ನಡುವಿನ ಬೆಲೆ ಅಂತರ ಮತ್ತೆ ಹಿಗ್ಗಿತು. ಎಲ್ಲ ತೆರಿಗೆ ಸೇರಿ ರಸ್ತೆಗೆ ಬರುವ ಹೊತ್ತಿಗೆ ಬ್ಯಾಟರಿ ಕಾರು 3 ಲಕ್ಷ ರೂ. ಹೆಚ್ಚು ಬೀಳುತ್ತದೆ ಎಂದು ಹಿಡಿದು, ಸೊಲ್ಲಾಪುರದ ಅದೇ 150 ಯುನಿಟ್ ಮನೆಯ ಲೆಕ್ಕ ನೋಡಿ.

ತಿಂಗಳಿಗೆ 2,000 ಕಿ.ಮೀ. ಓಡುವವರಿಗೆ ತಿಂಗಳ ಉಳಿತಾಯ ಸುಮಾರು 7,700 ರೂ. ಮೂರು ಲಕ್ಷ ಮರಳಿ ಬರಲು ಮೂರು ವರ್ಷ ಮೂರು ತಿಂಗಳು ಸಾಕು. 1,000 ಕಿ.ಮೀ. ಓಡುವವರಿಗೆ ಆರು ವರ್ಷ. ಬರೀ 500 ಕಿ.ಮೀ. ಓಡುವವರಿಗೆ ಹನ್ನೊಂದೂವರೆ ವರ್ಷ. ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಖಾತ್ರಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅಂದರೆ ಭಾನುವಾರ ದೇವರಿಗೆ, ಅಮಾವಾಸ್ಯೆಗೆ ಗಾಣಗಾಪುರಕ್ಕೆ ಎಂದು ತೆಗೆಯುವ ಕಾರಿಗೆ ಈ ಬಂಡವಾಳ ಖಾತ್ರಿ ಮುಗಿಯುವುದರೊಳಗೆ ವಾಪಸ್ ಬರುವುದಿಲ್ಲ. ದಿನಾಲೂ ಸೊಲ್ಲಾಪುರ–ಅಕ್ಕಲಕೋಟ ತಿರುಗುವ ವ್ಯಾಪಾರಿ, ಶಿಕ್ಷಕ, ಏಜೆಂಟರಿಗೆ ಖಂಡಿತ ಬರುತ್ತದೆ. ಹೆಚ್ಚು ಓಡಿದಷ್ಟೂ ಅಗ್ಗ, ನಿಲ್ಲಿಸಿದಷ್ಟೂ ತುಟ್ಟಿ.

ಸರಕಾರದ ಸವಲತ್ತುಗಳೂ ದೊಡ್ಡ ಶಹರಗಳ ಕಡೆಗೇ ಹೆಚ್ಚು ಮುಖ ಮಾಡಿವೆ. 2025ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರ ಸರಕಾರ ಬ್ಯಾಟರಿ ಕಾರುಗಳಿಗೆ ಮುಂಬೈ–ಪುಣೆ ಎಕ್ಸ್‌ಪ್ರೆಸ್ ವೇ, ಸಮೃದ್ಧಿ ಮಹಾಮಾರ್ಗ ಮತ್ತು ಅಟಲ್ ಸೇತುವಿನಲ್ಲಿ ಟೋಲ್ ಮಾಫಿ ಮಾಡಿತು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರಸ್ತೆಯಾಗಲಿ, ವಿಜಯಪುರಕ್ಕೆ ಹೋಗುವ ರಸ್ತೆಯಾಗಲಿ ಈ ಮೂರರಲ್ಲಿ ಇಲ್ಲ.

ದಾರಿ ಏನು?

ಕಾರು ಕೊಂಡಾಗಿದೆ ಎನ್ನುವವರಿಗೆ ಮೂರು ದಾರಿಗಳಿವೆ. ಮೊದಲನೆಯದು ಪ್ರತ್ಯೇಕ ಮೀಟರ್. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕು ನಿಯಮಗಳ ಪ್ರಕಾರ ವಾಹನ ಚಾರ್ಜಿಂಗ್‌ಗೆಂದೇ ಬೇರೆ ಸಂಪರ್ಕ ಕೇಳಬಹುದು. ಹೊಸ ಸಂಪರ್ಕ ಕೊಡಲು ನಗರಸಭೆ ವ್ಯಾಪ್ತಿಯಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನದ ಗಡುವೂ ಅದರಲ್ಲಿದೆ. ಹೀಗೆ ಮಾಡಿದರೆ ಇಲ್ಲಿ ಕಾರಿನ ಯುನಿಟ್ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಅಲ್ಲಿ ಮನೆಯ ಶೂನ್ಯ ಬಿಲ್ಲಿಗೆ ಧಕ್ಕೆ ಬರುವುದಿಲ್ಲ. ಹೊಸ ಮೀಟರಿನ ನಿಗದಿತ ಶುಲ್ಕ ಎಷ್ಟು ಎಂದು ಮೊದಲೇ ಕೇಳಿಕೊಂಡು ತಿಂಗಳ ಓಟದ ಜತೆ ತೂಗಿ ನೋಡಬೇಕು.

ಎರಡನೆಯದು ಮಾಳಿಗೆ ಮೇಲಿನ ಸೋಲಾರ್. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೊವ್ಯಾಟ್‌ಗೆ 78,000 ರೂ. ಸಹಾಯಧನ ಇದೆ. ಅದು ತಿಂಗಳಿಗೆ 300 ಯುನಿಟ್‌ನಷ್ಟು ಕೊಡಬಲ್ಲದು. ಈ ಭಾಗದಲ್ಲಿ ನೀರಿಗೆ ಕೊರತೆ ಇರಬಹುದು, ಬಿಸಿಲಿಗೆ ಇಲ್ಲ. ಕಾರನ್ನು ಸುಡುವ ಅದೇ ಬಿಸಿಲು ಕಾರಿನ ಹೊಟ್ಟೆಯನ್ನೂ ತುಂಬಿಸಬಹುದು. ಮೂರನೆಯದು ಹೊತ್ತು ನೋಡಿ ಚಾರ್ಜ್ ಹಾಕುವುದು. 2025ರ ಜುಲೈನಿಂದ ಸ್ಮಾರ್ಟ್ ಮೀಟರ್ ಇರುವ ಮಹಾವಿತರಣ ಗ್ರಾಹಕರಿಗೆ ಹಗಲು 9ರಿಂದ 5ರವರೆಗಿನ ಬಳಕೆಗೆ ರಿಯಾಯ್ತಿ ಕೊಡಲಾಯಿತು. ಆದರೆ ಆ ಹೊತ್ತಿನಲ್ಲಿ ಕಾರು ಮನೆಯಲ್ಲಿ ಇರಬೇಕಲ್ಲ!

ಇನ್ನೂ ಕೊಳ್ಳಬೇಕು ಎನ್ನುವವರು ಅಂಗಡಿಗೆ ಹೋಗುವಾಗ ಕಳೆದ 12 ತಿಂಗಳ ಕರೆಂಟ್ ಬಿಲ್ಲು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಬಿಲ್ಲಿನ ಹಿಂದೆ ಮೆಟ್ಟಿಲು ದರ ಅಚ್ಚಾಗಿರುತ್ತದೆ. ಕಾರು ಮಾರುವವರು ಅದನ್ನು ಓದಿ ಹೇಳುವುದಿಲ್ಲ, ಕೊಳ್ಳುವವರೇ ಓದಿಕೊಳ್ಳಬೇಕು.

ಬೆಂಗಳೂರಿನಲ್ಲಿ ರೇವಾ ಎಂಬ ಸಣ್ಣ ಬ್ಯಾಟರಿ ಕಾರು ಹುಟ್ಟಿದ್ದು 2001ರಲ್ಲಿ. ಎರಡು ದಶಕ ದಾಟಿ ಇಂಥ ಕಾರು ಗಡಿ ಊರುಗಳ ಅಂಗಳಕ್ಕೂ ಬಂದು ನಿಂತಿದೆ. ಭೀಮಾ ಸೇತುವೆಯ ಎರಡೂ ಕಡೆ ಒಂದೊಂದು ಸರಿಯಾದ ಫಾಸ್ಟ್ ಚಾರ್ಜರ್, ಅದಕ್ಕೆ ತಪ್ಪದ ಕರೆಂಟ್, ಬಿಲ್ಲಿನಲ್ಲಿ ತಿಳಿಯುವ ಒಂದು ದರ. ಗಡಿ ಜನ ಇದಕ್ಕಿಂತ ಹೆಚ್ಚು ಕೇಳುತ್ತಿಲ್ಲ. ಎರಡು ರಾಜ್ಯಗಳ ವಿದ್ಯುತ್ ಕಂಪನಿಗಳು ಇಷ್ಟು ಮಾಡಿಕೊಟ್ಟರೆ, ವಿಜಯಪುರಕ್ಕೆ ಹೊರಟವರು ಪರ್ಸೆಂಟೇಜ್ ನೋಡುವುದು ಬಿಟ್ಟು ರಸ್ತೆ ನೋಡಿಕೊಂಡು ಹೋಗಿ ಬಂದಾರು.